ಬುಧವಾರದ ಪಟ್ಟಿ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು.

ಕ್ರಾಂತಿ ಚಹಾಕ್ಕೆ ನೀರಿಟ್ಟಳು. ಹಾಲಿನವನು ಎಂದಿನಂತೆ ಒಂದು ಲೀಟರ್ ಹಾಕಿ ಹೋಗಿದ್ದ. ಇನ್ನು ಅರ್ಧ ಸಾಕು ಎಂದು ಅವನಿಗೆ ಹೇಳಬೇಕು... ಹೇಗೆ ಹೇಳುವುದು?

ಗಂಡ ಮಾರೇಶ್ ತೀರಿಕೊಂಡು ಹನ್ನೆರಡು ದಿನ. ಮೂವತ್ತನಾಲ್ಕು ವರ್ಷದ ಲೈನ್‌ಮನ್. ಡ್ಯೂಟಿ ಮುಗಿಸಿ ಬಂದು, ಎದೆ ಉರಿಯುತ್ತಿದೆ ಎಂದು ಕುರ್ಚಿಯಲ್ಲಿ ಕುಳಿತವನು ಏಳಲೇ ಇಲ್ಲ. ಕುಡ್ಲಿಗಿಯ ಅರ್ಧ ಊರು ಬಂದು ಅತ್ತು ಹೋಯಿತು. ಕ್ರಾಂತಿಗೆ ಮಾತ್ರ ಅಳು ಬರಲಿಲ್ಲ.

ಯಾರೋ ಬಾಗಿಲು ಬಡಿದರು.

ಹೆಲ್ಮೆಟ್ ಕೈಯಲ್ಲಿ ಹಿಡಿದ ಒಬ್ಬ ಗಂಡಸು. ಮುಖದ ತುಂಬ ಸಿಟ್ಟು.

"ಚಂದನಾನ ತಾಯಿ ನೀವೇ ಏನ್ರಿ?"

"ಹೌದು."

"ಎರಡು ಬುಧವಾರ ಆತು ಮೇಡಂ, ಪಟ್ಟಿ ಬದಲಿಸಾಕ ಬಂದಿಲ್ಲ! ಫೋನ್ ಹಚ್ಚಿದ್ರ ಸ್ವಿಚ್ ಆಫ್! ಎಂ.ಎ. ಓದಿದವ್ರಂತ ನೀವು... ಕೂಸಿನ ಕಾಲಂದ್ರ ಆಟ ಅನ್ಕಂಡೀರೇನು? ಎಲ್ಲದಾರ ನಿಮ್ಮ ಯಜಮಾನ್ರು? ಕರೀರಿ ಹೊರಗ!"

ಕ್ರಾಂತಿ ಪಕ್ಕಕ್ಕೆ ಸರಿದಳು.

ಒಳಗೆ ಗೋಡೆಯ ಬದಿಗೆ ಹಾರ ಹಾಕಿದ ಫೋಟೋ ಇತ್ತು. ಮುಂದೆ ದೀಪ.

"ನಾನೂ ಕರದೀನ್ರಿ. ಬರವಲ್ರು."

ಅವನು ಫೋಟೋ ನೋಡಿದ. ಆಮೇಲೆ ಹೊಸ್ತಿಲ ಹೊರಗೆ ಕುಳಿತುಬಿಟ್ಟ.

"ಮಾರೇಶಣ್ಣ...? ನನಗ ಗೊತ್ತಿರಲಿಲ್ರಿ. ತಪ್ಪಾತು."

ಅವನು ತಿಪ್ಪೇಶ. ಕೊಟ್ಟೂರಿನ ಆಸ್ಪತ್ರೆಯಲ್ಲಿ ಮಕ್ಕಳ ಕಾಲಿಗೆ ಸಿಮೆಂಟ್ ಪಟ್ಟಿ ಹಾಕುವವನು.

ಎರಡೂವರೆ ವರ್ಷದ ಚಂದನಾಳ ಎಡಪಾದ ಹುಟ್ಟುವಾಗಲೇ ಒಳಕ್ಕೆ ತಿರುಗಿತ್ತು. ಎಣ್ಣೆ ತಿಕ್ಕಿದರೆ ನೆಟ್ಟಗಾಗುತ್ತದೆಂದು ಅಜ್ಜಿ, ಮಾರೇಶನ ತಾಯಿ ಗಿಡ್ಡಮ್ಮ, ಎರಡು ವರ್ಷ ತಿಕ್ಕಿದ್ದಳು. ಕೊನೆಗೆ ಮಾರೇಶನೇ ಹಟ ಹಿಡಿದು ಪ್ರತಿ ಬುಧವಾರ ಬೈಕಿನಲ್ಲಿ ಕೊಟ್ಟೂರಿಗೆ ಕರೆದೊಯ್ಯತೊಡಗಿದ. ವಾರಕ್ಕೊಮ್ಮೆ ಪಾದವನ್ನು ಚೂರು ಚೂರೇ ಹೊರಕ್ಕೆ ತಿರುಗಿಸಿ ಹೊಸ ಪಟ್ಟಿ. ಹಾಗೆ ನಾಲ್ಕು ಪಟ್ಟಿ ಆಗಿದ್ದವು.

ಕ್ರಾಂತಿ ಒಮ್ಮೆಯೂ ಹೋಗಿರಲಿಲ್ಲ. ಬುಧವಾರ ಕಾಲೇಜಿನಲ್ಲಿ ಪಾಠ ಇರುತ್ತದೆ ಎನ್ನುತ್ತಿದ್ದಳು. ಮಗಳ ಅಳು ಕೇಳಲಾಗುವುದಿಲ್ಲ ಎಂಬುದು ನಿಜವಾದ ಕಾರಣ.

ಅಷ್ಟರಲ್ಲಿ ಚಂದನಾ ಅಂಬೆಗಾಲಿಡುತ್ತ ಬಂದಳು. ಎಡಗಾಲು ಬರಿದಾಗಿತ್ತು.

"ಪಟ್ಟಿ ಎಲ್ಲಿ?" ತಿಪ್ಪೇಶ ಗಾಬರಿಯಾದ.

"ತೆಗದೀನಪ್ಪ," ಗಿಡ್ಡಮ್ಮ ಅಡುಗೆಮನೆಯಿಂದಲೇ ಹೇಳಿದಳು. "ನಿನ್ನೆ ಸೂತಕ ಕಳಿಯೋ ದಿನ. ಮನಿಮಂದೆಲ್ಲ ತಲಿ ಮ್ಯಾಲೆ ನೀರು ಹಾಕ್ಕಬೇಕು. ಕೂಸಿಗೂ ಹಾಕಿದೆ. ಪಟ್ಟಿ ನೆಂದು ಹಿಟ್ಟಾತು, ಕತ್ತರಿಸಿದೆ. ಮೈಲಿಗಿ ಪಟ್ಟಿ ಇಟ್ಕಂಡು ದೀಪ ಹಚ್ಚಾಕ ಬರತೈತೇನು?"

ಕ್ರಾಂತಿ ಅಲ್ಲೇ ಇದ್ದಳು ನಿನ್ನೆ. ನೋಡಿದ್ದಳು. ಬೇಡ ಎನ್ನಲು ಬಾಯಿ ಬಂದಿರಲಿಲ್ಲ.

ತಿಪ್ಪೇಶ ಮಗುವಿನ ಪಾದವನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ ತಿರುಗಿಸಿ ನೋಡಿದ.

"ಒಂದೇ ದಿನಕ್ಕ ಒಂದು ಪಟ್ಟಿ ಆಗೋಷ್ಟು ಹಿಂದಕ್ಕ ಹೋಗೈತ್ರಿ. ಈ ಬುಧವಾರದಿಂದ ಮತ್ತ ಶುರು ಮಾಡಿದ್ರ ತಡ ಆಗಿಲ್ಲ. ಆಮ್ಯಾಲೆ ಬಳ್ಳಾರಿಗೆ ಹೋಗಿ ಹಿಮ್ಮಡಿ ಹಿಂದಿನ ಬಿಗಿ ನರಕ್ಕ ಸಣ್ಣ ಆಪರೇಷನ್."

"ಕತ್ತಿ ಹಾಕೋದಾ? ಈಗ?" ಗಿಡ್ಡಮ್ಮ ಹೊರಗೆ ಬಂದಳು. "ಹೆಣ ಹೊಂಟ ಮನಿ ಇದು! ವರ್ಷ ತುಂಬೋತನಾ ಏನೂ ಶುರು ಮಾಡಂಗಿಲ್ಲ. ವರ್ಷ ತುಂಬಲಿ, ಆಮ್ಯಾಲೆ ನೋಡಾಣು."

ತಿಪ್ಪೇಶ ತನ್ನ ಬಲಗಾಲಿನ ಪ್ಯಾಂಟು ಮೇಲಕ್ಕೆ ಎಳೆದ.

ಪಾದದ ಹೊರ ಅಂಚಿನ ಮೇಲೆ ನಡೆದು ನಡೆದು ಅಲ್ಲಿ ಕಲ್ಲಿನಂಥ ಗಂಟು ಬೆಳೆದಿತ್ತು. ಬೆರಳುಗಳು ಒಳಗೆ ನೋಡುತ್ತಿದ್ದವು.

"ನಮ್ಮಪ್ಪ ಸತ್ತಾಗ ನನಗ ಮೂರು ವರ್ಷ. ನಮ್ಮವ್ವನೂ ಹಿಂಗ ಅಂದ್ಲು, ವರ್ಷ ತುಂಬಲಿ ಅಂತ. ಆ ವರ್ಷ ಇನ್ನಾ ತುಂಬಿಲ್ಲ, ಅಮ್ಮಾ."

ಗಿಡ್ಡಮ್ಮ ಆ ಪಾದವನ್ನು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಪಟ್ಟಿ ಮ್ಯಾಲೆ ನಾನು ವಿಭೂತಿ ಹಚ್ಚತೀನಿ. ಬ್ಯಾಡ ಅನ್ನಬಾರದು."

"ಒಣಗಿದ ಮ್ಯಾಲೆ ಹಚ್ಚಿರಿ. ಹಸೀದಕ್ಕ ಹಚ್ಚಿದ್ರ ನನ್ನ ಪಟ್ಟಿಗಿಂತ ನಿಮ್ಮ ವಿಭೂತಿನೇ ದಪ್ಪ ಆಗತೈತಿ."

"ಬಾಯಿ ಜೋರೈತಿ ಹುಡುಗಂದು!" ಎಂದಳು ಅಜ್ಜಿ.

ಅಂದಿನಿಂದ ಬುಧವಾರಗಳು ಕ್ರಾಂತಿಯ ಪಾಲಿಗೆ ಬಂದವು.

ಪಾಠವನ್ನು ಬೇರೆ ದಿನಕ್ಕೆ ಬದಲಿಸಿಕೊಂಡಳು. ಬೆಳಿಗ್ಗೆ ಹಳೆಯ ಪಟ್ಟಿ ನೆನೆಸಿ ಬಿಚ್ಚುವುದು, ಕೊಟ್ಟೂರಿನ ಬಸ್ಸು, ಆಸ್ಪತ್ರೆಯ ಬೆಂಚು. ಅವಳು ಮಗುವಿನ ತೊಡೆ ಒತ್ತಿ ಹಿಡಿಯಬೇಕು, ತಿಪ್ಪೇಶ ಪಾದ ತಿರುಗಿಸಬೇಕು. ಚಂದನಾ ಕಿರುಚುತ್ತಿದ್ದಳು. ಕ್ರಾಂತಿ ಕಣ್ಣು ಮುಚ್ಚುತ್ತಿದ್ದಳು.

"ಕಣ್ಣು ತಗೀರಿ ಮೇಡಂ. ನೀವು ಹೆದರಿದ್ದು ಆಕಿಗೆ ಗೊತ್ತಾಗತೈತಿ."

ಒಂದು ಸಲ ಚಂದನಾ ಅವನ ಮುಂಗೈ ಕಚ್ಚಿಯೇಬಿಟ್ಟಳು.

"ಕಚ್ಚು ಕಚ್ಚು. ಹಗರಿಬೊಮ್ಮನಹಳ್ಳಿ ಮಕ್ಕಳ ಹಲ್ಲು ಈ ಕಡಿ, ಹರಪನಹಳ್ಳಿ ಮಕ್ಕಳ ಹಲ್ಲು ಆ ಕಡಿ. ಕುಡ್ಲಿಗಿದೊಂದು ಬಾಕಿ ಇತ್ತು."

ಕ್ರಾಂತಿಗೆ ನಗು ಬಂತು. ಬಂದ ಕೂಡಲೇ ಬಾಯಿಗೆ ಸೆರಗು ಒತ್ತಿಕೊಂಡಳು. ನಗಬಹುದೇ ನಾನು...?

ಬಳ್ಳಾರಿಯಲ್ಲಿ ಆಪರೇಷನ್ ದಿನ ಗಿಡ್ಡಮ್ಮ ಕಾರಿಡಾರಿನ ಮೂಲೆಯಲ್ಲಿ ಕೈ ಜೋಡಿಸಿ ಕುಳಿತಿದ್ದಳು. ಮೂರು ತಾಲ್ಲೂಕಿನ ದೇವರುಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದಳು.

"ನೀನೂ ಯಾರನ್ನಾರ ನೆನಸವ್ವಾ."

ಕ್ರಾಂತಿ ಯಾರನ್ನು ನೆನೆಯಬೇಕು? ಗಂಡನ ಎದೆಬಡಿತ ನಿಂತ ದಿನ ಅವಳ ನಂಬಿಕೆಯೂ ನಿಂತಿತ್ತು. ಆದರೂ ಅವಳಿಗೆ ಎರಡು ಕೈಗಳು ನೆನಪಾದವು. ಪ್ರತಿ ವಾರ ಮಗಳ ಪಾದವನ್ನು ಒಂದು ಬೆರಳಿನಷ್ಟು ಹೊರಕ್ಕೆ ತಿರುಗಿಸಿದ ಕೈಗಳು. ಅದೂ ಪ್ರಾರ್ಥನೆಯೇ ಇರಬಹುದು.

ತಲೆ ಎತ್ತಿದರೆ ಅವನೇ ಎದುರಿಗೆ! ರಜೆ ಹಾಕಿ ಬಂದಿದ್ದ. ಕೈಯಲ್ಲಿ ಮೂರು ಜನರಿಗೆ ಇಡ್ಲಿ.

ಎದೆ ಹಗುರವಾಯಿತು. ಮರುಕ್ಷಣವೇ ಪಕ್ಕದ ಮನೆಯ ಪಂಪಮ್ಮನ ಮಾತು ಕಿವಿಯಲ್ಲಿ ಮೊಳಗಿತು. 'ಗಂಡ ಸತ್ತು ಮೂರು ತಿಂಗಳಾಗಿಲ್ಲ, ಬೈಕಿನವ್ನು ಬಾಗಿಲಿಗೇ ಬರ್ತಾನ.'

"ನಮ್ಮ ಮ್ಯಾಲೆ ಕನಿಕರ ಪಟ್ಟು ಬರಬ್ಯಾಡ್ರಿ," ಎಂದುಬಿಟ್ಟಳು. "ನಿಮ್ಮ ಕೆಲಸ ಪಟ್ಟಿ ಹಾಕೋದು. ಅಷ್ಟು ಮಾಡಿದ್ರ ಸಾಕು."

ಅವನ ಮುಖ ಬಾಡಿತು. ಇಡ್ಲಿಯ ಪೊಟ್ಟಣವನ್ನು ಗಿಡ್ಡಮ್ಮನ ಪಕ್ಕದಲ್ಲಿಟ್ಟ.

"ಆತ್ರಿ, ಮೇಡಂ."

ಕಾರಿಡಾರಿನ ಉದ್ದಕ್ಕೂ ಅವನ ಕುಂಟು ಹೆಜ್ಜೆಯ ಸದ್ದು ದೂರವಾಗುತ್ತಾ ಹೋಯಿತು. ಕೂಗಬೇಕೆನಿಸಿತು... ಕೂಗಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಮೂರು ವಾರ ಕೊನೆಯ ಪಟ್ಟಿ. ಅದನ್ನು ಬಿಚ್ಚಿದಾಗ ಎಡಪಾದ ಬಲಪಾದದಂತೆಯೇ ಕಂಡಿತು. ಗಿಡ್ಡಮ್ಮ ಅದಕ್ಕೆ ಮುತ್ತಿಟ್ಟಳು.

ತಿಪ್ಪೇಶ ನೆಲ ನೋಡುತ್ತಲೇ ವಿವರಿಸಿದ. ಇನ್ನು ಬೂಟು. ಎರಡು ಪುಟ್ಟ ಬೂಟುಗಳ ನಡುವೆ ಒಂದು ಕಬ್ಬಿಣದ ಪಟ್ಟಿ. ಮೂರು ತಿಂಗಳು ಹಗಲು ರಾತ್ರಿ ಬಿಚ್ಚುವಂತಿಲ್ಲ, ಸ್ನಾನಕ್ಕೊಂದು ತಾಸು ಬಿಟ್ಟು. ಆಮೇಲೆ ಮಲಗುವಾಗ ಮಾತ್ರ. ಬಿಚ್ಚಿಟ್ಟರೆ ಪಾದ ಮತ್ತೆ ತಿರುಗುತ್ತದೆ.

"ಮಕ್ಕಳು ಅಳತಾವ. ತಾಯಂದ್ರು ಇಲ್ಲೇ ಸೋಲೋದು," ಎಂದ. ಬಕಲ್ ಹಾಕುವುದನ್ನು ತೋರಿಸಿ ಒಳಗೆ ಹೋದ.

ಚಂದನಾ ಐದು ದಿನ ಅತ್ತಳು. ಬೂಟುಗಳನ್ನು ಗೋಡೆಗೆ ಬಡಿದಳು, ಊಟ ಬಿಟ್ಟಳು.

"ಇದೊಂದು ರಾತ್ರಿ ಬಿಚ್ಚವ್ವಾ," ಗಿಡ್ಡಮ್ಮ ಗೋಗರೆದಳು. "ಕೂಸು ಸೋತೈತಿ."

ಕ್ರಾಂತಿಯೂ ಸೋತಿದ್ದಳು. ಮೈಯ ಎಲುಬೆಲ್ಲ ಬಿಡಿಸಿಟ್ಟಂತೆ ಸುಸ್ತು. ಬಕಲ್ ಮೇಲೆ ಕೈ ಇಟ್ಟಳು... ತೆಗೆದಳು.

"ಬಿಚ್ಚಲ್ಲ ಅತ್ತಿ. ಇನ್ನೊಮ್ಮೆ ಸುಮ್ನ ನೋಡ್ತಾ ನಿಂದ್ರಲ್ಲ ನಾನು."

ಬಡಿದು ಬಡಿದು ಬೂಟಿನ ನಟ್ಟು ಸಡಿಲವಾಗಿತ್ತು. ಬಿಗಿ ಮಾಡಲು ಪಾನಾ ಬೇಕಿತ್ತು. ಅದು ಇರುವುದು ಮಾರೇಶನ ಡ್ಯೂಟಿ ಚೀಲದಲ್ಲಿ. ಅವನು ಹೋದಾಗಿನಿಂದ ಯಾರೂ ಅದನ್ನು ಮುಟ್ಟಿರಲಿಲ್ಲ.

ಜಿಪ್ ಎಳೆದಳು. ಪಾನಾದ ಕೆಳಗೆ ಟವೆಲಿನಲ್ಲಿ ಸುತ್ತಿದ ಏನೋ ಮೆತ್ತಗಿನದು.

ಬಟ್ಟೆಯ ಬೊಂಬೆ. ಎರಡು ಜಡೆ. ಕಾಲಿಗೆ ಎರಡು ಪುಟ್ಟ ಬೂಟು, ನಡುವೆ ತಗಡಿನ ಪಟ್ಟಿ. ಬೆನ್ನಿಗೆ ಹೊಲಿದ ಬಟ್ಟೆಯ ಚೂರಿನ ಮೇಲೆ ಬರೆದಿತ್ತು: 'ಕೊಟ್ಟೂರು ಆಸ್ಪತ್ರೆ. ತಿಪ್ಪೇಶ.'

ಮಾರೇಶ್ ಇದನ್ನು ಮೊದಲೇ ತಂದಿಟ್ಟಿದ್ದ! ಬೂಟಿನ ದಿನ ಬರುತ್ತದೆ, ಮಗಳು ಅಳುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ತಾನು ಇರುವುದಿಲ್ಲ ಎಂಬುದು ಮಾತ್ರ ಗೊತ್ತಿರಲಿಲ್ಲ.

ಕ್ರಾಂತಿ ಬೊಂಬೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅಷ್ಟು ದಿನ ಬಾರದಿದ್ದ ಅಳು. ಗಿಡ್ಡಮ್ಮ ಬಂದು ಸೊಸೆಯ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

ಚಂದನಾ ಮಾತ್ರ ಅಳು ನಿಲ್ಲಿಸಿದ್ದಳು.

"ಇದಕ್ಕೂ ಬೂಟು!"

"ಹೂಂ ಚಂದೂ. ಇದಕ್ಕೂ."

"ಇದು ಅಳಲ್ಲ ಏನು?"

"ಅಳತೈತಿ. ನೀನು ಸಮಾಧಾನ ಮಾಡು."

ಅಂದಿನಿಂದ ಬೊಂಬೆಗೆ ಬುದ್ಧಿ ಹೇಳುವುದೇ ಚಂದನಾಳ ಕೆಲಸವಾಯಿತು.

ಮೂರು ತಿಂಗಳು ಕಳೆದವು. ಚಂದನಾ ಹಗಲು ಬೂಟಿಲ್ಲದೆ ನಿಂತಳು. ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಹಾಕಿದಳು. ಬಿದ್ದಳು, ಮತ್ತೆ ಎದ್ದಳು.

ಒಂದು ಬುಧವಾರ ಬೆಳಿಗ್ಗೆ ಅವಳೇ ಹೇಳಿದಳು. "ಅಮ್ಮಾ, ಬೊಂಬಿ ಅದರ ಮನಿಗೆ ಹೋಗಲಿ, ದವಾಖಾನಿಗೆ. ನಾನು ಒಬ್ಬಾಕಿನೇ ಮಕ್ಕಂತೀನಿ."

ಗಿಡ್ಡಮ್ಮ ರೊಟ್ಟಿ ಬುತ್ತಿ ಕಟ್ಟಿ ಕೈಗಿಟ್ಟಳು.

"ಆ ಬಾಯಿಬಡಕಗ ಕೊಡು. ಅವತ್ತು ಬಳ್ಳಾರ್ಯಾಗ ನೀನಂದ ಮಾತು ನಾನೂ ಕೇಳೀನಿ. ಕನಿಕರ ಯಾವುದು, ಅಂತಃಕರಣ ಯಾವುದು ಅನ್ನೋದು ತಿಳಿಯಾಕ ಎಂ.ಎ. ಬೇಕಾ? ಪಂಪಮ್ಮಗ ನಾನು ಉತ್ತರ ಕೊಡ್ತೀನಿ, ನಡಿ."

ಕೊಟ್ಟೂರಿನಲ್ಲಿ ತಿಪ್ಪೇಶ ಕೈಯ ಸಿಮೆಂಟು ತೊಳೆಯುತ್ತಿದ್ದ. ಚಂದನಾ ಬಾಗಿಲಿನಿಂದ ಅವನವರೆಗೆ ನಡೆದೇ ಹೋದಳು. ಅವನು ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತು ಆ ಪಾದವನ್ನೇ ನೋಡಿದ.

ಕ್ರಾಂತಿ ಬೊಂಬೆ ಹೊರತೆಗೆದಳು.

"ನೀವು ಯಾಕ ಕೇಳಲಿಲ್ಲ ಇದನ್ನ?"

"ಹದಿನೈದು ದಿನಕ್ಕಂತ ಒಯ್ದಿದ್ರು ಮಾರೇಶಣ್ಣ. ಮಗಳು ಹಟಮಾರಿ, ಬೊಂಬಿ ಜೋಡಿ ಮೊದಲ ಗೆಳೆತನ ಮಾಡಸ್ತೀನಿ ಅಂದ್ರು." ಅವನ ದನಿ ಇಳಿಯಿತು. "ಸಾವಾದ ಮನಿಗೆ ಬಂದು, ನನ್ನ ಬೊಂಬಿ ಕೊಡ್ರಿ ಅಂತ ಹೆಂಗ ಕೇಳ್ಲಿ? ಕಳಕಂಡೀನಿ ಅಂತ ಇಲ್ಲಿ ಹೇಳಿದೆ. ಬೈಸ್ಕಂಡೆ."

"ಅವತ್ತು ನಾನು ಕೆಟ್ಟ ಮಾತಂದೆ..."

"ಕನಿಕರ ಆಗಿದ್ರ ನನಗ ಅಷ್ಟು ನೋವು ಆಗ್ತಿರಲಿಲ್ರಿ."

ಹೊರಗೆ ಯಾರದೋ ಮಗು ಅಳುತ್ತಿತ್ತು.

"ನನಗ ದಣಿವು ಹೋಗಿಲ್ಲ, ತಿಪ್ಪೇಶ್," ಮೊದಲ ಬಾರಿಗೆ ಅವಳು ಹೆಸರು ಹಿಡಿದು ಕರೆದಳು. "ಮಾರೇಶ್ ನನ್ನೊಳಗ ಇನ್ನಾ ಅದಾರ. ಇರತಾರ."

"ಇರಲಿ. ನನಗೂ ಬೇಕಾದವ್ರು ಅವರು. ನೀವು ಎಷ್ಟು ನಿಧಾನಕ್ಕ ಬಂದ್ರೂ ನಾನು ಇಲ್ಲೇ ಇರತೀನಿ."

"ಭಾನುವಾರ ಊಟಕ್ಕ ಬರ್ರಿ. ಅತ್ತಿ ಕರದಾಳ." ಒಂದು ಕ್ಷಣ ತಡೆದು ಸೇರಿಸಿದಳು. "ನಾನೂ ಕರೀತೀನಿ."

ಅವನ ಕಣ್ಣು ತುಂಬಿತು. ಹೂಂ ಎಂದು ತಲೆಯಾಡಿಸಿದ.

ಕ್ರಾಂತಿ ಬೊಂಬೆಯ ಜಡೆ ಸರಿಮಾಡಿ, ಅದರ ಬೂಟಿನ ಬಕಲ್ ಬಿಗಿ ಮಾಡಿ, ಎರಡೂ ಕೈಯಿಂದ ಅವನಿಗೆ ಕೊಟ್ಟಳು.

"ಹಿಡೀರಿ. ಮಾರೇಶ್ ಕಳಿಸ್ಯಾರ."