ನಲವತ್ತೈದು ಇಂಚಿನ ದಾರ

"ಆ ನೀರಿನ ಟ್ಯಾಂಕಿನ ಬಡಾವಣೆ ಒಂದು ಬಿಟ್ಟು ಬೇರೆ ಎಲ್ಲಾದ್ರೂ ಮನೆ ಮಾಡಿ, ಮಾಸ್ಟ್ರೇ. ಮಗು ಇರೋರು ಅಲ್ಲಿಗೆ ಹೋಗ್ಬಾರ್ದು."

ಇದನ್ನು ಹೇಳುವಾಗ ದಾರದಕ್ಕ ಅವನ ಮುಖ ನೋಡಲಿಲ್ಲ. ಶಾಲಾ ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ದಾರದ ಉಂಡೆಗಳನ್ನು ಎಣಿಸಿ ಕೊಡುವುದು ಅವಳ ಕೆಲಸ. ಹಾಗಾಗಿ ಅವಳ ನಿಜವಾದ ಹೆಸರನ್ನು ಎಲ್ಲರೂ ಮರೆತು ಬಹಳ ಕಾಲವಾಗಿತ್ತು. ಅವನು ಹೊಸ ಕಟಿಂಗ್ ಮಾಸ್ಟರ್. ಬೇರೆ ಊರಿನಿಂದ ಬಂದು ಹದಿನೈದು ದಿನವಾಗಿತ್ತಷ್ಟೇ. ಹೆಂಡತಿ ಮತ್ತು ಐದೂವರೆ ವರ್ಷದ ಮಗಳು ಅಲ್ಲಿ ಸಾಮಾನು ಕಟ್ಟಿಕೊಂಡು ಕಾಯುತ್ತಿದ್ದರು. ಶಾಲೆ ಶುರುವಾಗುವುದರೊಳಗೆ ಮನೆ ಹುಡುಕಬೇಕಿತ್ತು.

ಮನೆ ಹುಡುಕುವವರು ಬ್ರೋಕರನ್ನು ಕೇಳುತ್ತಾರೆ, ಗುರುತಿನವರನ್ನು ಕೇಳುತ್ತಾರೆ. ಇವನು ಮಹಾ ಬುದ್ಧಿವಂತ, ಆರ್ಡರ್ ಶೀಟ್ ನೋಡಿದ. ಯಾವ ಬಡಾವಣೆಯ ಶಾಲೆಗೆ ಯಾವ ಸೈಜಿನ ಎಷ್ಟು ಅಂಗಿ, ಎಷ್ಟು ಫ್ರಾಕು ಎಂಬುದೆಲ್ಲ ಅದರಲ್ಲಿತ್ತು. ರೈಲ್ವೆ ಗೇಟಿನ ಬಡಾವಣೆಯಲ್ಲಿ ಎಲ್ಲ ಸೈಜೂ ಹೆಚ್ಚುಕಡಿಮೆ ಸಮ. ಟ್ಯಾಂಕಿನ ಬಡಾವಣೆಯಲ್ಲಿ ಮಾತ್ರ ಬಹುತೇಕ ಚಿಕ್ಕವೇ. ಅಂದರೆ ಎಲ್ಲ ತಮ್ಮಂಥ ಎಳೇ ಸಂಸಾರಗಳು, ಮಗಳಿಗೆ ಓರಗೆಯವರು ಬೇಕಾದಷ್ಟು ಸಿಗುತ್ತಾರೆ ಎಂದು ಅವನು ಲೆಕ್ಕ ಹಾಕಿದ. ಬಟ್ಟೆ ಕತ್ತರಿಸುವವನಿಗಲ್ಲದೆ ಬೇರೆ ಯಾರಿಗೂ ಇಂಥ ತಪ್ಪು ಮಾಡಲು ಬರುತ್ತಿರಲಿಲ್ಲ.

"ಹೋದ ವರ್ಷದ ಶೀಟೂ ಹೀಗೇ ಇತ್ತು" ಎಂದಳು ದಾರದಕ್ಕ. "ಅದರ ಹಿಂದಿನ ವರ್ಷದ್ದೂ ಹೀಗೇ. ಹೋದ ವರ್ಷದ ಚಿಕ್ಕೋರು ಈ ವರ್ಷ ಒಂದು ಸೈಜಾದ್ರೂ ದೊಡ್ಡೋರಾಗ್ಬೇಕಿತ್ತಲ್ಲ? ಎಲ್ಲಿ ಅವರು?"

"ಅಪ್ಪಂದಿರಿಗೆ ವರ್ಗ ಆಗಿರುತ್ತೆ, ಹೋಗಿರ್ತಾರೆ."

"ಅಲ್ಲಿ ಮಾಟ ಇದೆ."

ಅವನು ಕತ್ತರಿ ಮೇಜಿನ ಮೇಲಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಕ್ಕಾ, ಮಾಟ ಮಾಡೋರ ಹತ್ರನೂ ಸೈಜ್ ಚಾರ್ಟ್ ಇರುತ್ತಾ?"

ಕಟಿಂಗ್ ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ದಾರದಕ್ಕ ಏನೋ ಹೇಳಲು ಬಾಯಿ ತೆರೆದು, ನುಂಗಿಕೊಂಡು, ಉಂಡೆಗಳ ಡಬ್ಬಿಯೆತ್ತಿಕೊಂಡು ಸ್ಟೋರಿನೊಳಕ್ಕೆ ಹೋದಳು.

ಭಾನುವಾರ ಹೆಂಡತಿ ಮಗಳನ್ನು ಕರೆದುಕೊಂಡು ಮನೆ ನೋಡಲು ಬಂದಳು. ರೈಲ್ವೆ ಗೇಟಿನ ಹತ್ತಿರದ ಮನೆಯಲ್ಲಿ ಎರಡೇ ಕೋಣೆ, ಕೆಳಗೆ ಟೈರಿನ ಅಂಗಡಿ, ರಬ್ಬರಿನ ವಾಸನೆ. ಆದರೆ ಮೆಟ್ಟಿಲ ಬಳಿ ಹತ್ತು ಹನ್ನೆರಡು ವರ್ಷದ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಅವರು ಗುಬ್ಬಿಯನ್ನೂ ಕರೆದು ಸೇರಿಸಿಕೊಂಡರು. ಮಗಳನ್ನು ಮನೆಯಲ್ಲಿ ಕರೆಯುತ್ತಿದ್ದುದೇ ಗುಬ್ಬಿ ಎಂದು. ಅವಳಿಗೆ ಅಲ್ಲಿಂದ ಏಳುವ ಮನಸ್ಸೇ ಇರಲಿಲ್ಲ.

ಟ್ಯಾಂಕಿನ ಬಡಾವಣೆಯಲ್ಲಿ ಅಗಲವಾದ ರಸ್ತೆಗಳು, ಎರಡೂ ಕಡೆ ಮರ, ಒಂದೇ ಥರದ ಬಿಳಿ ಮನೆಗಳು. ಶಾಲೆಯಲ್ಲಿ ಕೇಳಿದ ತಕ್ಷಣ ಸೀಟು ಸಿಕ್ಕಿತು. ಬಡಾವಣೆಯ ನಡುವೆ ಎತ್ತರದ ಟ್ಯಾಂಕು, ಅದರ ಕಾಲುಗಳ ನಡುವೆ ಕಿಟಕಿಯಿಲ್ಲದ ಪಂಪ್ ರೂಮು. ಆಟದ ಬಯಲಿನಲ್ಲಿ ಚಿಕ್ಕಚಿಕ್ಕ ಮಕ್ಕಳು ಸದ್ದಿಲ್ಲದೆ ಉಯ್ಯಾಲೆಯಲ್ಲಿ ಕೂತಿದ್ದರು.

"ಇಷ್ಟು ಚೆನ್ನಾಗಿರೋ ಜಾಗದಲ್ಲಿ ಇಷ್ಟೊಂದು ಮನೆ ಯಾಕ್ರೀ ಖಾಲಿ?" ಎಂದಳು ಹೆಂಡತಿ.

"ನಮ್ಮ ಅದೃಷ್ಟ ಅನ್ಕೋ."

"ಅಪ್ಪಾ, ಇಲ್ಲಿ ಒದ್ದೆ ಸುಣ್ಣದ ವಾಸನೆ" ಎಂದು ಗುಬ್ಬಿ ಮೂಗು ಮುಚ್ಚಿಕೊಂಡಳು.

"ಹೊಸದಾಗಿ ಸುಣ್ಣ ಬಳಿದಿದ್ದಾರೆ, ಪುಟ್ಟಾ."

ಸುಣ್ಣ ಹೊಸದಾಗಿರಲಿಲ್ಲ. ಅದು ಅವನ ಕಣ್ಣಿಗೂ ಬಿದ್ದಿತ್ತು. ಆದರೂ ಮುಂಗಡ ಮಾತಾಡಿ ಬೀಗದ ಕೈ ಇಸಿದುಕೊಂಡ. ಹೆಂಡತಿ ಮುಖ ಸಣ್ಣ ಮಾಡಿಕೊಂಡಳು, ಜಗಳ ಮಾಡಲಿಲ್ಲ.

ಅಳೆಯುವುದು ಅವನ ಕೈಗೆ ಅಂಟಿದ ಚಾಳಿ. ಪ್ರತಿ ತಿಂಗಳ ಮೊದಲ ಭಾನುವಾರ ಮಗಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಸ್ಕೇಲಿಟ್ಟು ಪೆನ್ಸಿಲ್ ಗೆರೆ ಎಳೆಯುತ್ತಿದ್ದ. ಹೊಸ ಮನೆಯ ಚೌಕಟ್ಟು ಸವರಿದಾಗ ದಪ್ಪ ಬಣ್ಣದ ಕೆಳಗೆ ಗೀರುಗಳು ಬೆರಳಿಗೆ ಸಿಕ್ಕವು. ಹಿಂದೆ ಇದ್ದವರೂ ಮಕ್ಕಳನ್ನು ಅಳೆದಿದ್ದರು. ಎಷ್ಟೋ ಮಕ್ಕಳ ಗೆರೆಗಳು. ಎಲ್ಲಕ್ಕಿಂತ ಮೇಲಿನದು ನಲವತ್ತೈದು ಇಂಚಿನಲ್ಲಿತ್ತು, ಅಲ್ಲಿ ಒಂದರ ಮೇಲೊಂದು ಎಳೆದು ಮರವೇ ಗುಳಿ ಬಿದ್ದಿತ್ತು. ಅದರ ಮೇಲೆ ಒಂದೂ ಇರಲಿಲ್ಲ. ಅವನು ಗುಬ್ಬಿಯ ಗೆರೆ ಎಳೆದ. ನಲವತ್ತಮೂರೂವರೆ.

ಅವಳ ಸಮವಸ್ತ್ರವನ್ನು ಅವನೇ ಹೊಲಿದ. ಅಂಚಿನಲ್ಲಿ ಮೂರಿಂಚು ಬಟ್ಟೆ ಒಳಕ್ಕೆ ಮಡಿಸಿ ಬಿಟ್ಟ. "ಬೆಳೆಯೋ ಮಕ್ಕಳ ಬಟ್ಟೆಗೆ ಮಡಿಕೆ ಬಿಡದವನು ಮಾಸ್ಟರೇ ಅಲ್ಲ" ಎಂದು ಹೆಂಡತಿಯ ಮುಂದೆ ಜಂಭ ಕೊಚ್ಚಿಕೊಂಡ. "ಮೂರು ವರ್ಷ ಇದನ್ನೇ ಹಾಕಿಸ್ತೀರಾ? ಜಿಪುಣ" ಎಂದು ಅವಳು ನಕ್ಕಳು. ಆ ಮನೆಯಲ್ಲಿ ಅವರು ಮನಸಾರೆ ನಕ್ಕ ಕೊನೆಯ ದಿನಗಳು ಅವು.

ನಲವತ್ತನಾಲ್ಕಾಯಿತು. ಶಾಲೆಯಲ್ಲಿ ಗುಬ್ಬಿಯ ಪಕ್ಕ ಕೂರುತ್ತಿದ್ದ ಹುಡುಗಿ ಬರುವುದು ನಿಲ್ಲಿಸಿದಳು. ಎದುರು ಮನೆಯ ದಂಪತಿ ಒಂದು ಬೆಳಿಗ್ಗೆ ಲಾರಿಗೆ ಸಾಮಾನು ಹೇರಿಸಿದರು. ಚಿಕ್ಕ ಮಂಚವೊಂದನ್ನು ಮಾತ್ರ ಹೊರಗೇ ಬಿಟ್ಟರು. ಹೆಂಡತಿ ಹೋಗಿ ಮಾತಾಡಿಸಿದರೆ ಆ ತಾಯಿ ಬಾಗಿಲಿಗೆ ಬೀಗ ಹಾಕುತ್ತಾ, "ನೆಗಡಿ ಅಂದ್ರು, ಅಷ್ಟೇ ಅಂದ್ರು" ಎಂದಷ್ಟೇ ಹೇಳಿದಳಂತೆ. ಪ್ರತಿಯೊಬ್ಬರೂ ಈ ದುಃಖ ತಮಗೊಬ್ಬರಿಗೇ ಬಂದದ್ದೆಂದುಕೊಂಡು ಹೊರಟುಹೋಗುತ್ತಿದ್ದರು. ಒಬ್ಬರ ಕತೆ ಇನ್ನೊಬ್ಬರಿಗೆ ಗೊತ್ತಾಗಲು ಯಾರೂ ಉಳಿಯುತ್ತಿರಲಿಲ್ಲ.

"ಹೊರಟುಬಿಡೋಣ ರೀ. ನನಗ್ಯಾಕೋ ಇಲ್ಲಿ ಜೀವ ನಿಲ್ತಿಲ್ಲ."

"ಪರೀಕ್ಷೆ ಮುಗೀಲಿ ಕಣೇ."

ಪರೀಕ್ಷೆ ಬರೀ ನೆಪ. ದಾರದಕ್ಕನ ಮುಂದೆ, ಆ ಕಟಿಂಗ್ ಮೇಜಿನವರ ಮುಂದೆ ತನ್ನ ಮಾತು ಸೋಲುವುದು ಅವನಿಗೆ ಬೇಕಿರಲಿಲ್ಲ.

ಏಳನೆಯ ತಿಂಗಳ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಗುಬ್ಬಿ ಚೌಕಟ್ಟಿಗೆ ಒರಗಿ ಎದೆಯುಬ್ಬಿಸಿ ನಿಂತಳು. ಅವನು ಸ್ಕೇಲಿಟ್ಟ. ಪೆನ್ಸಿಲಿನ ಮೊನೆ ಹಳೆಯ ಗುಳಿಯೊಳಕ್ಕೆ ತಾನಾಗಿಯೇ ಜಾರಿತು.

ನಲವತ್ತೈದು.

ಗುಬ್ಬಿ ಕೆಮ್ಮಿದಳು. ಒಂದೇ ಕೆಮ್ಮು. ಅಂಗೈಯಲ್ಲಿ ಬಿಳಿ ಹುಡಿ. ಹೊರಗೆ ಬಿಸಿಲು ಹಾಗೇ ಇತ್ತು, ಕೋಣೆಯೊಳಗೆ ಮಾತ್ರ ಬೆಳಕು ಕುಗ್ಗಿತು. ಒದ್ದೆ ಸುಣ್ಣದ ಘಾಟು ಮೂಗಿಗೆ ಹೊಡೆಯಿತು. ನೆಲದಡಿಯಲ್ಲೆಲ್ಲೋ ಸುಣ್ಣ ಕುದಿಯುವ ಸದ್ದು. ಗುಳು ಗುಳು ಗುಳು. ಗುಬ್ಬಿ ಕುಸಿದಳು.

ಡಾಕ್ಟರು ನೆಗಡಿ ಎದೆಗೆ ಇಳಿದಿದೆ ಎಂದರು, ಆಸ್ಪತ್ರೆಗೆ ಸೇರಿಸಿಕೊಂಡರು, ಔಷಧಿ ಕೊಟ್ಟರು. ಮಗುವಿನ ಮೈ ತಣ್ಣಗಾಗುತ್ತಲೇ ಹೋಯಿತು. ಮರುದಿನ ಬೆಳಿಗ್ಗೆ ಅವನು ಕಾರ್ಖಾನೆಗೆ ಓಡಿದ. ಕೆಲಸಕ್ಕಲ್ಲ. ನೇರ ದಾರದ ಸ್ಟೋರಿಗೆ ನುಗ್ಗಿ, "ಅಕ್ಕಾ, ನಲವತ್ತೈದು" ಎಂದ.

ದಾರದಕ್ಕನ ಕೈಯಿಂದ ಉಂಡೆ ಬಿದ್ದು ನೆಲದುದ್ದಕ್ಕೂ ಬಿಚ್ಚಿಕೊಂಡಿತು.

"ಬೇರೆ ಊರಿಗೆ ಕರ್ಕೊಂಡು ಹೋಗ್ಲಾ?"

"ಅಲ್ಲಿದ್ದು ನಲವತ್ತೈದು ಮುಟ್ಟಿದ ಮೇಲೆ ಎಲ್ಲಿಗೆ ಹೋದ್ರೂ ಅಷ್ಟೇ." ಅವಳು ಮೂಟೆಯ ಮೇಲೆ ಕುಸಿದು ಕೂತಳು. "ಆ ಮಾಟ ಮಾಡಿದವಳು ನಾನು, ಮಾಸ್ಟ್ರೇ."

ಬಡಾವಣೆ ಕಟ್ಟುವಾಗ ಅವಳು ಅಲ್ಲಿ ಕೂಲಿ ಮಾಡುತ್ತಿದ್ದಳು. ಸುಣ್ಣ ನೆನೆಸುವ ಗುಂಡಿಗೆ ಬೇಲಿ ಇರಲಿಲ್ಲ. ಅವಳ ಮಗಳು ಅದರಲ್ಲಿ ಬಿದ್ದಳು. ಕಟ್ಟಿಸುವವರು ವಿಷಯ ಹೊರಗೆ ಬಾರದಂತೆ ಅದೇ ವಾರ ಗುಂಡಿ ಮುಚ್ಚಿಸಿ, ಅದರ ಮೇಲೆ ಪಂಪ್ ರೂಮು ಎಬ್ಬಿಸಿದರು. ಹೊಸ ಫ್ರಾಕಿಗೆಂದು ಮಗಳ ಎತ್ತರಕ್ಕೆ ಅಳೆದು ಕತ್ತರಿಸಿಟ್ಟಿದ್ದ ದಾರ ಮಾತ್ರ ಅವಳಿಗೆ ಉಳಿಯಿತು. ಅದಕ್ಕೆ ಮಗಳ ಕೂದಲು ಸೇರಿಸಿ, ಏಳು ಗಂಟು ಹಾಕಿ, ಮಂತ್ರ ಗೊತ್ತಿದ್ದವನೊಬ್ಬ ಹೇಳಿಕೊಟ್ಟಂತೆ ಹೇಳಿ, ಅಲ್ಲೇ ಪಂಪ್ ರೂಮಿನ ಮೂಲೆಯ ಕಲ್ಲಿನಡಿ ಹೂತಳು. ನನ್ನ ಮಗಳು ಬೆಳೆಯದ ಜಾಗದಲ್ಲಿ ಯಾರ ಮಗುವೂ ಬೆಳೆಯಬಾರದು.

"ಕಟ್ಟಿಸಿದೋರು ಅಲ್ಲಿ ಒಂದು ದಿನಾನೂ ವಾಸ ಮಾಡ್ಲಿಲ್ಲ" ಎಂದಳು. "ಅದು ಆಗ ನನಗೆ ಹೊಳೀಲೇ ಇಲ್ಲ."

"ಬಿಚ್ಚು. ಈಗ್ಲೇ ಬಂದು ಬಿಚ್ಚು."

"ಎಷ್ಟು ಸಲ ಹೋಗಿದೀನಿ ಗೊತ್ತಾ? ಕಟ್ಟಿದವಳ ಬೆರಳಿಗೆ ಆ ಗಂಟು ಸಿಗಲ್ಲ. ಬಿಚ್ಚೋಕೆ ಯಾರಿಂದಲೂ ಆಗಲ್ಲ. ಉದ್ದ ಮಾಡಬಹುದು ಅಂತ ಆ ಮಂತ್ರದವನೇ ಹೇಳಿದ್ದ. ಅಪ್ಪನೋ ಅಮ್ಮನೋ ತಮ್ಮ ಎತ್ತರದ ದಾರ ತಂದು ಅದಕ್ಕೆ ಕಟ್ಟಿದ್ರೆ ಅವರ ಮಗು ಬೆಳೆಯುತ್ತೆ. ಅದು ಬೆಳೆದಷ್ಟು ಇವರಿಂದ ಹೋಗುತ್ತೆ, ನಲವತ್ತೈದಕ್ಕೆ ಇಳಿದ್ರೆ ಇವರೂ ಉಳಿಯಲ್ಲ. ಒಂದು ಮಗುವಿಗೆ ಒಬ್ಬರು."

"ಇದನ್ನ ಉಳಿದೋರಿಗೆ ಯಾಕೆ ಹೇಳ್ಲಿಲ್ಲ?"

ಅವಳು ತಲೆ ಎತ್ತಲಿಲ್ಲ. "ಹೇಳಿದ್ರೆ ನಾನೇ ಮಾಡಿದ್ದು ಅಂತಾನೂ ಹೇಳ್ಬೇಕಿತ್ತು."

ಅವನಿಗೆ ಅವಳ ಕತ್ತು ಹಿಸುಕಿಬಿಡಬೇಕೆನಿಸಿತು. ಎದುರು ಮನೆಯ ಚಿಕ್ಕ ಮಂಚ ಕಣ್ಣ ಮುಂದೆ ಬಂತು. ತಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೂ ನೆನಪಾಯಿತು. ಅವಳ ತಪ್ಪಿಗೆ ತೂಕ ಹಾಕುವ ಯೋಗ್ಯತೆ ತನಗಿಲ್ಲ ಎನಿಸಿ, ಬಿದ್ದ ಉಂಡೆಯನ್ನು ಎತ್ತಿಕೊಂಡ. ಗೋಡೆಗೆ ಒರಗಿ ನಿಂತು ಹಿಮ್ಮಡಿಯಿಂದ ನೆತ್ತಿಯವರೆಗೆ ಅಳೆಸಿಕೊಂಡ. ಅರವತ್ತೆಂಟು ಇಂಚು. ದಾರ ಕತ್ತರಿಸಿದವಳು ಅವಳೇ.

ಅವರು ಪಂಪ್ ರೂಮಿಗೆ ಬಂದಾಗ ನೆತ್ತಿ ಸುಡುವ ಮಧ್ಯಾಹ್ನ. ತುಕ್ಕು ಹಿಡಿದ ಬಾಗಿಲು ತೆರೆದರೆ ಒಳಗೆ ಕಣ್ಣಿಗೆ ಕೈ ಅಡ್ಡ ಇಟ್ಟಷ್ಟು ಕತ್ತಲೆ. ದಾರದಕ್ಕ ಹೊಸ್ತಿಲ ಆಚೆಯೇ ನಿಂತಳು. ಅವನು ಒಳಗೆ ಕಾಲಿಟ್ಟ ಕೂಡಲೇ ಬಾಗಿಲು ಮುಚ್ಚಿಕೊಂಡಿತು.

ಘಾಟು. ಗಂಟಲು ಸುಟ್ಟಿತು. ಅವನು ಮಂಡಿಯೂರಿದ. ಮೂಲೆಯ ಕಲ್ಲು ಸರಿಸಿದ. ಮಣ್ಣು ಬಿಸಿಯಿತ್ತು. ಬೆರಳಿಗೆ ದಾರ ಸಿಕ್ಕಿತು. ಒದ್ದೆ. ಒಂದು ಗಂಟು, ಎರಡು, ಏಳು. ದಾರದ ತುದಿ ಹಿಡಿದ. ತನ್ನದನ್ನು ಸೇರಿಸಿದ. ಗಂಟು ಜಾರಿತು. ಮತ್ತೆ ಹಾಕಿದ. ಕೆಳಗೆ ಸುಣ್ಣ ಕುದಿಯತೊಡಗಿತು. ಗುಳು ಗುಳು. ಹತ್ತಿರ. ಇನ್ನೂ ಹತ್ತಿರ. ಗಂಟು ಬಿಗಿಯಿತು.

ಸದ್ದು ನಿಂತಿತು.

ಎದ್ದು ನಿಂತವನ ಹಿಮ್ಮಡಿಯ ಮೇಲೆ ಒಂದು ಪುಟ್ಟ ಕೈ ಬಂತು. ತಣ್ಣನೆಯ ಕೈ. ಹೆಬ್ಬೆರಳೂರಿ, ಕಿರುಬೆರಳು ಚಾಚಿ, ಒಂದು ಗೇಣು ಅಳೆಯಿತು. ಮತ್ತೊಂದು ಗೇಣು. ಮೀನಖಂಡ. ಮಂಡಿ. ತೊಡೆ. ಸೊಂಟ. ಬೆನ್ನು. ಕತ್ತು. ಕೈ ನೆತ್ತಿಗೆ ಬಂದು ನಿಂತಿತು. ಕಿವಿಯ ಹತ್ತಿರ ಎಳೆಯ ದನಿ ಕೇಳಿತು.

"ಅಮ್ಮಾ, ನನ್ನ ಫ್ರಾಕು ಆಯ್ತಾ?"

ಬಾಗಿಲಾಚೆ ದಾರದಕ್ಕ ಬಾಗಿಲಿಗೆ ತಲೆ ಚಚ್ಚಿಕೊಂಡು ಅಳುವುದು ಕೇಳಿಸಿತು. ಅವಳಿಗೂ ಆ ದನಿ ಕೇಳಿತ್ತು. ಬಾಗಿಲು ತೆರೆದಾಗ ಅವನು ಬಿಸಿಲಿಗೆ ಬಿದ್ದ. ಆಸ್ಪತ್ರೆಯಿಂದ ಹೆಂಡತಿಯ ಫೋನು ಬಂದಿತ್ತು. ಗುಬ್ಬಿ ಕಣ್ಣು ಬಿಟ್ಟು ಹಸಿವು ಅಂದಳಂತೆ.

ಆ ವಾರವೇ ಅವರು ರೈಲ್ವೆ ಗೇಟಿನ ಹತ್ತಿರದ ಎರಡು ಕೋಣೆಯ ಮನೆಗೆ ಬಂದರು. ಹೆಂಡತಿಗೆ ಅವನು ಎಲ್ಲವನ್ನೂ ಹೇಳಿದ. ಅವಳು ನಂಬಲಿಲ್ಲ. ಒಂದು ವರ್ಷ ಕಳೆದು, ಅವನ ಪ್ಯಾಂಟುಗಳೆಲ್ಲ ನೆಲ ಗುಡಿಸತೊಡಗಿದಾಗ ನಂಬಿದಳು. ನನ್ನ ದಾರ ಯಾಕೆ ಕಟ್ಟಲಿಲ್ಲ ಎಂದು ಅವನ ಎದೆಗೆ ಗುದ್ದಿ ಅತ್ತಳು.

ದಾರದಕ್ಕ ಸ್ಟೋರು ಬಿಟ್ಟಳು. ಈಗ ದಿನವೂ ಟ್ಯಾಂಕಿನ ಬಡಾವಣೆಯ ಮನೆಮನೆಯ ಬಾಗಿಲಿಗೆ ಹೋಗಿ, ನಾನೇ ಮಾಡಿದ್ದು ಎಂದು ಹೇಳುತ್ತಾಳೆ. ಹುಚ್ಚಿ ಎಂದು ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಮಾಸ್ಟರು ಕಾರ್ಖಾನೆಗೆ ಬರುವ ಪ್ರತಿ ಹೊಸಬರಿಗೂ ಹೇಳುತ್ತಾನೆ. ಅವರು ನಗುತ್ತಾರೆ. ಆರ್ಡರ್ ಶೀಟಿನಲ್ಲಿ ಆ ಶಾಲೆಯದು ಇಂದಿಗೂ ಚಿಕ್ಕ ಸೈಜುಗಳೇ. ಅವನು ಒಂದೊಂದಕ್ಕೂ ಮೂರಿಂಚು ಮಡಿಕೆ ಬಿಟ್ಟೇ ಕತ್ತರಿಸುತ್ತಾನೆ. ಕತ್ತರಿಸುವಾಗ ಕಣ್ಣು ಮಂಜಾಗುತ್ತದೆ.

ನಾಲ್ಕು ವರ್ಷವಾಯಿತು. ಗುಬ್ಬಿಗೆ ಐವತ್ತೈದು ಇಂಚು, ಅವನಿಗೆ ಐವತ್ತೆಂಟು. ಅವಳ ಫ್ರಾಕಿನ ಅಂಚು ಬಿಚ್ಚಿದ ದಿನವೇ ತನ್ನ ಪ್ಯಾಂಟಿನಿಂದ ಅಷ್ಟು ಪಟ್ಟಿ ಕತ್ತರಿಸುತ್ತಾನೆ. ಹೆಂಡತಿ ಅರವತ್ತೆರಡು ಇಂಚಿನವಳು. ಮಗಳು ಅಮ್ಮನನ್ನು ಹೋತರೆ ತಾನು ಐವತ್ತೊಂದಕ್ಕೆ ನಿಲ್ಲುತ್ತೇನೆ, ಆರಿಂಚು ಮಡಿಕೆ ಉಳಿಯುತ್ತದೆ. ಅಪ್ಪನಷ್ಟೇ ಎತ್ತರವಾದರೆ ಸರಿಯಾಗಿ ನಲವತ್ತೈದು. ಈ ಲೆಕ್ಕವನ್ನು ಅವನು ಯಾರ ಮುಂದೆಯೂ ಹೇಳಿಲ್ಲ.

ಹೋದ ಭಾನುವಾರ ಗುಬ್ಬಿ ಓಡಿಬಂದು ಅವನ ಪಕ್ಕ ನಿಂತು, ಅಂಗೈಯನ್ನು ತನ್ನ ತಲೆಯಿಂದ ಅವನ ಕಡೆಗೆ ಚಾಚಿ ನೋಡಿದಳು.

"ಅಪ್ಪಾ, ಆಗಲೇ ನಿಮ್ಮ ಹಣೆವರೆಗೆ ಬಂದೆ! ಅಮ್ಮಾ, ನೋಡಮ್ಮಾ!"

ಹೆಂಡತಿ ಒಲೆಯ ಕಡೆಗೆ ಮುಖ ತಿರುಗಿಸಿಕೊಂಡು ನಿಂತಳು. ಮಹಡಿಯ ಅಜ್ಜಿ ಬಾಗಿಲಲ್ಲಿ ನಿಂತು ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೆಚ್ಚಿಕೊಂಡರು.

"ಉದ್ದುದ್ದ ಕೈಕಾಲು ನೋಡಿ. ಥೇಟ್ ನೀವು ಇಲ್ಲಿಗೆ ಬಂದಾಗ ಇದ್ರಲ್ಲ, ಅದೇ ಮೈಕಟ್ಟು ಬರುತ್ತೆ ಇವಳಿಗೆ."

"ಬರ್ಲಿ ಬಿಡಿ ಅಜ್ಜಿ" ಎಂದು ಅವನು ನಕ್ಕ. "ಚೆನ್ನಾಗಿ ಬೆಳೀಲಿ."