ಜ್ವರದಮ್ಮನಿಗೆ ಕಟ್ಟಿದ ಮನೆ

“ಅದನ್ನ ಮುಟ್ಟಬ್ಯಾಡ್ರಿ ಮಾಸ್ತರ! ಊರ ಜ್ವರ ಅದರಾಗ ಕುಂತೈತಿ!” ಪಕ್ಕೀರಮ್ಮ ದೂರದಿಂದಲೇ ಕೂಗಿದಳು. ಊರಿಗೆ ಜ್ವರ ಬಂದಾಗ ಅದನ್ನು ಮಂತ್ರ ಹಾಕಿ ಕಟ್ಟಿಗೆಯ ಗೊಂಬೆಯೊಳಗೆ ಕಟ್ಟಿ, ಗಡಿಯಾಚೆ ಬಿಟ್ಟು ಬರುವ ಕೆಲಸ ಆ ಮುದುಕಿಯದು. ಡ್ರಾಯಿಂಗ್ ಮಾಸ್ತರ ಚಿದಾನಂದಪ್ಪನಿಗೆ ನಾಲಿಗೆ ತುಸು ಉದ್ದ. “ಹಂಗಾರ ನಿಮ್ಮ ಜ್ವರದಮ್ಮಗ ಒಂದು ಮನಿ ಕಟ್ಟಿಕೊಡ್ತೀನಿ ಬಿಡಬೇ,” ಎಂದು ನಗುತ್ತಾ, ಗಡಿಯಾಚೆ ಬಿದ್ದಿದ್ದ ಗೊಂಬೆಯನ್ನು ಚೀಲಕ್ಕೆ ಹಾಕಿಕೊಂಡ.

ಸ್ವಾತಂತ್ರ್ಯ ಬಂದ ಮರುವರ್ಷ ಬಳ್ಳಾರಿಯಿಂದ ಕುರುಗೋಡಿಗೆ ಬಂದವನು ಅವನು. ಜನ ಬಿಸಾಕಿದ್ದೆಲ್ಲ ಅವನಿಗೆ ಬೇಕು. ಒಡೆದ ಬಳೆ, ತುಕ್ಕು ಹಿಡಿದ ಡಬ್ಬಿ, ಹತ್ತಿಕಟ್ಟಿಗೆ ಸೇರಿಸಿ ಪಡಸಾಲೆಯ ತುಂಬ ಭೂಮಿಯ ಮೇಲೆ ಎಲ್ಲೂ ಇಲ್ಲದ ಒಂದು ಊರು ಕಟ್ಟಿದ್ದ. ಐದು ವರ್ಷದ ಮಗಳು ಪಾರಮ್ಮ ಅಲ್ಲಿನ ಓಣಿ ಓಣಿಗೂ ಹೆಸರಿಟ್ಟಿದ್ದಳು. ಅವಳೆಂದರೆ ಅವನಿಗೆ ಪಂಚಪ್ರಾಣ.

ಆ ಆಟದ ಊರಿನಲ್ಲಿ ಗೊಂಬೆಗೆ ನಿಜಕ್ಕೂ ಮನೆಯೆದ್ದಿತು. ಬಳೆಚೂರಿನ ಕಿಟಕಿ, ತಗಡಿನ ಬಾಗಿಲು. ತಮಾಷೆಗೆಂದು ಹೊಸ್ತಿಲಿಗೆ ಅರಿಶಿನ ಬಳಿದು, ಜ್ವರದಮ್ಮನನ್ನು ಒಳಗೆ ಕೂರಿಸಿದ.

ಮರುದಿನ ನಡುಮಧ್ಯಾಹ್ನ ಪಡಸಾಲೆಯಲ್ಲಿ ಸುಟ್ಟ ಬೇವಿನ ವಾಸನೆ. ಒಲೆ ಹಚ್ಚಿರಲಿಲ್ಲ. ಹೊರಗೆ ಧಗಧಗಿಸುವ ಬಿಸಿಲು, ಒಳಗೆ ಮೂಲೆ ಮೂಲೆಗೂ ಅಂಟಿಕೊಂಡ ಕತ್ತಲು. ತಗಡಿನ ಬಾಗಿಲು ಟಕ್ಕೆಂದು ತೆರೆಯಿತು. ಟಕ್ಕೆಂದು ಮುಚ್ಚಿತು. ಗಾಳಿಯ ಸುಳಿವೇ ಇರಲಿಲ್ಲ. ಪಾರಮ್ಮನ ಮೈ ಕಾದ ಹಂಚಾಗಿತ್ತು.

ಚಿದಾನಂದಪ್ಪ ಗೊಂಬೆಯನ್ನು ಒಯ್ದು ಗಡಿಯಾಚೆ ಎಸೆದು ಬಂದ. ತಿರುಗಿ ಬಂದು ನೋಡಿದರೆ ಅದು ತನ್ನ ತಗಡಿನ ಬಾಗಿಲ ಮನೆಯೊಳಗೇ ಕೂತಿತ್ತು. ಕಟ್ಟಿದ ಊರನ್ನೆಲ್ಲ ತುಳಿದ. ಅಂಗಳಕ್ಕೆ ಸುರಿದು ಬೆಂಕಿ ಹಚ್ಚಿದ. ಬೂದಿಯ ನಡುವೆ ಗೊಂಬೆ ಕೂತಿತ್ತು. ಮಗಳು ನರಳಿದಳು.

ಹೆಂಡತಿ ಗುರುಬಸಮ್ಮ ಪಕ್ಕೀರಮ್ಮನನ್ನು ಕರೆತಂದಳು. ಮುದುಕಿ ಹೊಸ್ತಿಲು ತುಳಿಯಲಿಲ್ಲ.

“ಬೀದ್ಯಾಗಿದ್ದಾಕಿನ್ನ ನಾ ಓಡಿಸ್ತಿದ್ದೆ. ಮನಿ ಕೊಟ್ಟು ಕುಂದ್ರಿಸಿದಾಕಿನ್ನ ಹೆಂಗ ಓಡಿಸ್ಲಿ? ನಿಮಗ ಎಲ್ಲಿ ಸೂರೈತೋ ಅಲ್ಲಿ ಆಕಿ ಇರ್ತಾಳ. ಸೂರು ಬಿಡ್ರಿ, ಕೂಸು ಉಳೀತೈತಿ.”

ಉಟ್ಟ ಬಟ್ಟೆಯಲ್ಲೇ ಹೊರಟರು. ಅಂಗಳ ದಾಟುತ್ತಲೇ ಪಾರಮ್ಮ ಕಣ್ಣು ಬಿಟ್ಟು ನೀರು ಕೇಳಿದಳು. ಸಿರುಗುಪ್ಪದ ಛತ್ರದೊಳಗೆ ಕಾಲಿಟ್ಟ ಗಳಿಗೆಯೇ ಮೈ ಮತ್ತೆ ಸುಟ್ಟಿತು. ಬಯಲಿಗೆ ಬಂದರೆ ತಣ್ಣಗಾಯಿತು. ಪಾಪ, ಎರಡು ವಾರ ಬಯಲಲ್ಲೇ ಉಂಡು ಬಯಲಲ್ಲೇ ಮಲಗಿದರು.

ರಾರಾವಿಯ ಹೊಳೆದಂಡೆಯಲ್ಲಿ ಬಿಸಿಲು ನೆತ್ತಿ ಸೀಳುತ್ತಿತ್ತು. ಕಂದಿದ ಮಗಳ ಮುಖ ನೋಡಲಾರದೆ ಅವನ ಕೈ ತನ್ನಷ್ಟಕ್ಕೆ ಕೆಲಸಕ್ಕಿಳಿಯಿತು. ತೇಲಿಬಂದ ನಾಲ್ಕು ಕೋಲು ನೆಟ್ಟ. ಮೇಲೆ ಹರಕು ಗೋಣಿ ಹೊದಿಸಿದ. ಒಂದಿಷ್ಟು ನೆರಳು ಬಿತ್ತು. ಬೇವಿನ ಹೊಗೆ ಮೂಗಿಗೆ ಬಡಿಯಿತು. ಪಾರಮ್ಮನ ಕಣ್ಣುಗುಡ್ಡೆ ಮೇಲಕ್ಕೆ ಹೊರಳಿತು. ಉಸಿರು ನಿಂತಿತು.

ಗುರುಬಸಮ್ಮ ಕೋಲುಗಳನ್ನು ಒದ್ದು ಕೆಡವಿ ಕೂಸನ್ನು ಬಿಸಿಲಿಗೆ ಎಳೆದಳು. ತುಸು ಹೊತ್ತಿಗೆ ಉಸಿರು ಮರಳಿತು.

“ಇನ್ನ ಏನೂ ಕಟ್ಟಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ,” ಎಂದಳು.

ಚಿದಾನಂದಪ್ಪ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಅತ್ತ. ಹೊಳೆಯಾಚೆ ಮುಂಗಾರಿನ ಮೊದಲ ಮೋಡ ಏಳುತ್ತಿತ್ತು. ತಾಯಿಯ ಹೆಗಲಿನಿಂದ ಪಾರಮ್ಮ ಅದನ್ನೇ ನೋಡಿ ಕೇಳಿದಳು:

“ಅಪ್ಪಾ, ಮಳಿ ಬಂದ್ರ ನಾವು ಎಲ್ಲಿ ನಿಂದ್ರೋದು?”