ಚುಕ್ಕಿಗೊಂದು ಪತ್ರ

ಬಾಗಿಲು ತಳ್ಳಿದ ಶ್ರೀಜಾಳ ಕೈ ಹಿಡಿಕೆಯ ಮೇಲೇ ನಿಂತುಬಿಟ್ಟಿತು.

ಇವರಾ...?!

ಮೇಜಿನ ಹಿಂದೆ ಕೂತಿದ್ದವನು ಅರ್ಧ ಎದ್ದ. ಅವನ ಪೆನ್ನು ಉರುಳಿ ನೆಲಕ್ಕೆ ಬಿತ್ತು.

"ಮೇಡಂ... ನೀವಿಲ್ಲಿ?"

ಪ್ರತಿ ಗುರುವಾರ ಕಡೂರಿನಿಂದ ಯಗಟಿಗೆ ಹೋಗುವ ಬಸ್ಸಿನಲ್ಲಿ ಅವಳು ಕದ್ದು ಹುಡುಕುತ್ತಿದ್ದ ಮುಖ ಅದು. ಅವಳು ಯಗಟಿಯ ಶಾಲೆಯಲ್ಲಿ ಟೀಚರ್. ಅವನು ಯಾವುದೋ ಇಲಾಖೆಯವನಿರಬೇಕು ಎಂದುಕೊಂಡಿದ್ದಳು. ಹೆಸರು ಕೇಳುವ ಧೈರ್ಯ ಬಂದಿರಲಿಲ್ಲ. ಬಾಗಿಲ ಬೋರ್ಡಿನಲ್ಲಿದ್ದ 'ಆಪ್ತ ಸಮಾಲೋಚಕ ಕಲ್ಲೇಶ್' ಎಂದರೆ ಇವನೇ ಎಂದು ಈಗ ತಿಳಿಯಿತು. ಗುರುವಾರ ಯಗಟಿಯ ಆಸ್ಪತ್ರೆಯಲ್ಲಿ ಸಿಗುತ್ತಾರೆ ಎಂದೂ ಅದರಲ್ಲಿ ಬರೆದಿತ್ತು.

ಕಡೂರಲ್ಲಿ ಯಾರಾದರೂ ಕಂಡಾರು ಎಂದು ಹೆದರಿ ತರೀಕೆರೆಗೆ ಬಂದರೆ...!

"ನನಗೊಂದು ಪತ್ರ ಬೇಕಿತ್ತು ಸರ್. ಚುಕ್ಕಿಗೋಸ್ಕರ."

"ಚುಕ್ಕಿಗಾ? ಹೇಗಿದಾಳೆ ನಮ್ಮ ಚುಕ್ಕಿ?" ಅವನ ಮುಖ ಅರಳಿತು.

ನಮ್ಮ ಚುಕ್ಕಿ!

ಎರಡು ತಿಂಗಳ ಹಿಂದಿನ ಸಂಜೆ. ಯಗಟಿಯಲ್ಲಿ ಕುರಿ ಸಾಕುವ ಕಾಶಮ್ಮ, ತಾಯಿ ಸತ್ತ ಮರಿಯೊಂದನ್ನು ಅವಳ ಮಡಿಲಿಗೆ ಹಾಕಿದ್ದಳು. "ಬಾಟ್ಲೀಲಿ ಹಾಲು ಕುಡ್ಸಿದ್ರೆ ಬದುಕ್ತದೆ ಕಣವ್ವ. ನಿಂಗೂ ಮನೇಲಿ ಒಂದು ಉಸಿರಾಗ್ತದೆ."

ಬಸ್ಸಿನಲ್ಲಿ ಕಂಡಕ್ಟರ್ ಬಿಡಲಿಲ್ಲ. "ಇದಕ್ಕೆ ಫುಲ್ ಟಿಕೆಟ್ಟಾ, ಹಾಫ್ ಟಿಕೆಟ್ಟಾ ಮೇಡಂ?"

ಪಕ್ಕದ ಸೀಟಿನ ಈ ಮನುಷ್ಯ ಮರಿಯನ್ನೆತ್ತಿ ತನ್ನ ತೊಡೆಯ ಮೇಲೆ ಕೂರಿಸಿಕೊಂಡಿದ್ದ. "ಮಡ್ಲಲ್ಲಿ ಕೂತ ಮಗೂಗೆ ಎಂಥ ಟಿಕೆಟ್ಟಪ್ಪಾ?"

ಹಣೆಯ ಮೇಲೆ ಬಿಳಿ ಚುಕ್ಕಿಯಿದ್ದ ಆ ಮರಿ ಕಡೂರು ಬರುವವರೆಗೂ ಅವನ ಕಿರುಬೆರಳನ್ನು ಚೀಪುತ್ತಲೇ ಇತ್ತು. ಹೆಸರಿಟ್ಟದ್ದೂ ಅವನೇ. ಅಂದಿನಿಂದ ಮರಿಗೆ ಹಾಲು ಕುಡಿಸುವಾಗಲೆಲ್ಲ ಅವಳಿಗೆ ಆ ಬೆರಳು ನೆನಪಾಗುತ್ತಿತ್ತು...

"ಮನೆ ಓನರ್ ವಿಶಾಲಾಕ್ಷಮ್ಮನವರು ಮರೀನ ಇಟ್ಕೋಬೇಡ ಅಂತಿದಾರೆ," ಎಂದಳು. "'ನಮ್ದು ಲಿಂಗ ಕಟ್ಟಿದ ಮನೆ ಕಣಮ್ಮ, ಕುರಿ ಕಟ್ಟಿದ್ರೆ ನಾಳೆ ಸಾರಿಗೇ ಅಂತಾರೆ ಬೀದಿಯೋರು' ಅಂತ!"

ಕಲ್ಲೇಶ್ ಜೋರಾಗಿ ನಕ್ಕ. ಅವಳಿಗೂ ನಗು ಬಂತು.

"ನಮ್ಮ ಶಾಲೆಯ ತನುಜಾ ಮೊಬೈಲಲ್ಲಿ ಓದಿದ್ಲಂತೆ. ಮನಸ್ಸಿನ ಆಸರೆಗೆ ಈ ಪ್ರಾಣಿ ಬೇಕು ಅಂತ ಡಾಕ್ಟರು ಪತ್ರ ಕೊಡ್ತಾರಂತಲ್ಲ? ವಿಶಾಲಾಕ್ಷಮ್ಮನವರಿಗೆ ಹೇಳಿದೆ. 'ಔಷಧಿಗೆ ಸಾಕಿರೋದು, ಅಡುಗೆಗಲ್ಲ ಅಂತ ಸೀಲ್ ಹಾಕಿಸ್ಕೊಂಡು ಬಾ, ಬೀದಿಗೆಲ್ಲ ತೋರಿಸ್ತೀನಿ' ಅಂದ್ರು."

"ಅಂದ್ರೆ... ನಿಮಗೆ...?" ಅವನ ನಗು ನಿಂತಿತು.

ಶ್ರೀಜಾ ತಲೆ ತಗ್ಗಿಸಿದಳು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಇವರಿಗೆ ಹೇಳಬಹುದು... ಇವರಿಗೆ ಮಾತ್ರ.

"ಅಮ್ಮ ಹೋದಮೇಲೆ ಸರ್... ಸಂಜೆ ಒಳಗಿಂದ ಚಿಲಕ ಹಾಕಿದ ಕೂಡ್ಲೇ ಎದೆ ಬಿಗಿಯತ್ತೆ. ಉಸಿರು..."

"ನಿಲ್ಸಿ ಮೇಡಂ!"

ಅವಳು ಬೆಚ್ಚಿ ನೋಡಿದಳು. ಅವನ ಕೈ ಅಡ್ಡ ಬಂದಿತ್ತು.

"ದಯವಿಟ್ಟು ಮುಂದೆ ಹೇಳ್ಬೇಡಿ. ಈ ಪತ್ರ ನನ್ನಿಂದಾಗಲ್ಲ. ಕಡೂರಲ್ಲಿ ಶಾರದಾಂಬಾ ಅಂತ ಮನೋವೈದ್ಯೆ ಇದಾರೆ, ಅವರ ಹತ್ರ..."

ಉಳಿದದ್ದು ಅವಳಿಗೆ ಕೇಳಿಸಲಿಲ್ಲ. ಮುಖ ಉರಿಯುತ್ತಿತ್ತು. ಕುರಿಮರಿಗಾಗಿ ಕಥೆ ಕಟ್ಟಿಕೊಂಡು ಬಂದವಳು ಅಂದುಕೊಂಡರಾ? ಇಲ್ಲಾ ಹುಚ್ಚಿ ಅಂತಲಾ?

"ತೊಂದರೆ ಕೊಟ್ಟೆ ಸರ್." ಅಷ್ಟೇ ಹೇಳಿ ಹೊರಗೆ ಬಂದಳು. ಕಡೂರು ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಅತ್ತಳು.

ಆಮೇಲಿನ ಗುರುವಾರಗಳಲ್ಲಿ ಅವಳು ಮೊದಲ ಬಸ್ಸನ್ನೇ ಹತ್ತಿದಳು. ಅವನಿಲ್ಲದ ಬಸ್ಸು. ಪಕ್ಕದ ಸೀಟಿಗೆ ಯಾರು ಬಂದು ಕೂತರೂ ಒಮ್ಮೆ ತಿರುಗಿ ನೋಡುತ್ತಿದ್ದಳು. ಆಮೇಲೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಬೇಡವೆಂದವರ ದಾರಿಯನ್ನು ಯಾಕೆ ಕಾಯುತ್ತೀಯೇ ಮನಸೇ?

ಶಾರದಾಂಬಾ ಅವರ ಬಳಿಗೂ ಹೋಗಲಿಲ್ಲ. ಒಮ್ಮೆ ಅರ್ಧಕ್ಕೆ ತಡೆಸಿಕೊಂಡ ಮಾತು ಮತ್ತೆ ಗಂಟಲಿನಿಂದ ಮೇಲೆ ಬರುವುದಿಲ್ಲ.

"ಪತ್ರ ಎಲ್ಲಮ್ಮ?" ವಿಶಾಲಾಕ್ಷಮ್ಮ ಕೇಳಿದರು.

"ಕೊಡಲ್ವಂತೆ."

"ಹಂಗಾದ್ರೆ ಬಿಟ್ಟು ಬಂದ್ಬಿಡು ಕಣಮ್ಮ. ನಂಗೇನು ಸಂತೋಷಾನಾ?" ಎನ್ನುತ್ತಲೇ ಆಕೆ ಸೆರಗಿನ ಮರೆಯಿಂದ ಅವರೆಕಾಯಿ ಸಿಪ್ಪೆ ತೆಗೆದು ಚುಕ್ಕಿಯ ಬಾಯಿಗೆ ಹಿಡಿದರು.

ಮುಂದಿನ ಗುರುವಾರ ಶ್ರೀಜಾ ಶಾಲೆಗೆ ರಜೆ ಹಾಕಿದಳು. ಚುಕ್ಕಿಯನ್ನು ಎದೆಗವಚಿಕೊಂಡು ಕಡೂರು ಬಸ್‌ಸ್ಟ್ಯಾಂಡಿಗೆ ಬಂದಳು. ಕಾಶಮ್ಮನಿಗೆ ಒಪ್ಪಿಸಿ ಬಂದರೆ, ಸಂಜೆ ಮತ್ತೆ ಅದೇ ಚಿಲಕ... ಅದೇ ನಿಶ್ಶಬ್ದ...

ಇದ್ದಕ್ಕಿದ್ದಂತೆ ಚುಕ್ಕಿ ಮಿಸುಕಾಡಿ, ಕತ್ತು ಚಾಚಿ ಅರಚಿತು.

ಎದುರಿಗೆ ಕಲ್ಲೇಶ್! ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು.

"ಮೊದಲನೇ ಬಸ್ಸಿಗೆ ಹೋಗ್ತಿದೀರಂತೆ. ಕಂಡಕ್ಟರ್ ಹೇಳಿದ. ಅದಕ್ಕೇ ಬೆಳಿಗ್ಗೆನೇ ಬಂದು ನಿಂತಿದೀನಿ."

"ಯಾಕೆ ಸರ್? ಹುಚ್ಚಿ ಹೇಗಿದಾಳೆ ಅಂತ ನೋಡೋಕಾ?"

"ಶ್ರೀಜಾ..."

ಅವತ್ತು ಬರೆಸಿದ್ದ ಚೀಟಿಯಲ್ಲಿ ನೋಡಿದ್ದಿರಬೇಕು; ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

"ನೀವು ಅವತ್ತು ಇನ್ನೊಂದು ಮಾತು ಹೇಳಿದ್ರೆ ನಾನು ನಿಮ್ಮ ಸಮಾಲೋಚಕ ಆಗ್ಬಿಡ್ತಿದ್ದೆ. ನೋವು ಹೇಳ್ಕೊಂಡು ಬಂದವರನ್ನ... ನಮ್ಮ ಕೆಲಸದಲ್ಲಿ ಪ್ರೀತಿಸೋ ಹಾಗಿಲ್ಲ. ಯಾವತ್ತೂ." ಅವನು ಚುಕ್ಕಿಯ ತಲೆ ಸವರಿದ. "ಆ ಪತ್ರಕ್ಕೆ ಸಹಿ ಹಾಕಿದ್ರೆ ನಿಮ್ಮನ್ನ ಕಳ್ಕೋತಿದ್ದೆ. ಅದಕ್ಕೇ ತಡೆದೆ."

ಅವಳ ಕಿವಿಗೆ ಬಸ್‌ಸ್ಟ್ಯಾಂಡಿನ ಗದ್ದಲವೆಲ್ಲ ದೂರವಾಯಿತು.

"ಇದನ್ನ... ಅವತ್ತೇ ಹೇಳೋಕೇನಾಗಿತ್ತು?"

"ಆ ಕೋಣೇಲಾ? ಎದೆ ಬಿಗಿಯತ್ತೆ ಅಂತ ಬಂದವರ ಮುಂದೆ ನನ್ನ ಆಸೆ ತೋಡ್ಕೊಳ್ಳೋದಾ? ಬಸ್ಸಲ್ಲಿ ಹೇಳೋಣ ಅಂದ್ಕೊಂಡ್ರೆ, ನೀವು ಬಸ್ಸೇ ಬದಲಾಯಿಸಿದ್ರಿ!"

ಅವಳ ಕಣ್ಣು ತುಂಬಿ ಬಂತು. "ನನ್ನ ಮಾತನ್ನ ಅರ್ಧಕ್ಕೆ ನಿಲ್ಲಿಸಿದ್ರಿ. ಎಷ್ಟು ನೋವಾಯ್ತು ಗೊತ್ತಾ?"

"ಗೊತ್ತು. ಅದಕ್ಕೆ ಕ್ಷಮೆ ಕೇಳೋಕೇ ಬಂದೆ. ನೀವು ನನ್ನ ಬೇಡ ಅಂದ್ರೂ ಸರಿ, ಆ ಅರ್ಧ ಮಾತನ್ನ ಶಾರದಾಂಬಾ ಮೇಡಂ ಹತ್ರ ಪೂರ್ತಿ ಹೇಳಿ. ಒಳಗೇ ಇಟ್ಕೋಬೇಡಿ. ಚುಕ್ಕೀನ ನಾನು ಹಿಡ್ಕೊಂಡಿರ್ತೀನಿ."

ಯಗಟಿ ಬಸ್ಸು ಹಾರನ್ ಹೊಡೆಯಿತು. ಹೊರಟಿತು. ಇಬ್ಬರೂ ಹತ್ತಲಿಲ್ಲ.

ಶಾರದಾಂಬಾ ಅವರ ಕೋಣೆಯಲ್ಲಿ ಶ್ರೀಜಾ ಬಹಳ ಹೊತ್ತು ಮಾತಾಡಿದಳು. ಅಮ್ಮನ ಕೊನೆಯ ದಿನಗಳು, ಚಿಲಕ, ಹಾಸಿಗೆಯ ಪಕ್ಕ ಮರಿಯ ಉಸಿರು ಕೇಳಿದ ಮೇಲಷ್ಟೇ ಬರುವ ನಿದ್ದೆ... ಯಾರೂ ನಡುವೆ ತಡೆಯಲಿಲ್ಲ.

ಹೊರಗೆ ಬಂದಾಗ ಬೆಂಚಿನ ಮೇಲೆ ಕಲ್ಲೇಶ್ ಕೂತಿದ್ದ. ಚುಕ್ಕಿ ಅವನ ತೊಡೆಯ ಮೇಲೆ ಕಣ್ಣು ಮುಚ್ಚಿ ಕಿರುಬೆರಳು ಚೀಪುತ್ತಿತ್ತು.

"ಕೊಟ್ರಾ?"

"ಕೊಟ್ರು. ಸೀಲೂ ಹಾಕಿದಾರೆ. ತಿಂಗಳು ತಿಂಗಳು ಬಂದು ಮಾತಾಡು ಅಂದ್ರು." ಅವಳು ಪಕ್ಕದಲ್ಲಿ ಕೂತಳು. ಬಸ್ಸಿನಲ್ಲಿ ಕೂರುತ್ತಿದ್ದುದಕ್ಕಿಂತ ಸ್ವಲ್ಪ ಹತ್ತಿರ. "ಚುಕ್ಕಿಗೇನೋ ಮನೇಲಿರೋಕೆ ಪತ್ರ ಸಿಕ್ತು..."

"ಮತ್ತೆ ನನಗೆ?" ಅವನು ಮೆಲ್ಲಗೆ ಕೇಳಿದ. "ನನ್ನ ಬರಮಾಡ್ಕೊಳ್ಳೋಕೆ ವಿಶಾಲಾಕ್ಷಮ್ಮನವರಿಗೆ ಯಾವ ಪತ್ರ ತೋರಿಸ್ಬೇಕು?"

"ಲಗ್ನಪತ್ರಿಕೆ," ಎಂದುಬಿಟ್ಟಳು. ಎಂದವಳೇ ನಾಲಿಗೆ ಕಚ್ಚಿಕೊಂಡಳು!

ಅವನು ಮರಿಯ ಬಾಯಿಂದ ಬೆರಳು ಬಿಡಿಸಿಕೊಂಡು ಅವಳ ಬೆರಳು ಹಿಡಿದ. ಒದ್ದೆಯಾಗಿತ್ತು, ಬೆಚ್ಚಗಿತ್ತು.

"ಒಂದು ಷರತ್ತು," ಎಂದಳು ಶ್ರೀಜಾ, ಅಳುತ್ತಾ ನಗುತ್ತಾ. "ಇನ್ಮೇಲೆ ನನ್ನ ಮಾತನ್ನ ಅರ್ಧಕ್ಕೆ ತಡೀಬಾರದು."

"ಇಲ್ಲ ಕಣೇ. ಹೇಳು... ಕೇಳ್ತಿದೀನಿ."